ಜೋಧಪುರದಲ್ಲಿ ರೈಲು ನೋಡೋಕೆ ಎಲ್ಲಿ ನಿಲ್ಲಬೇಕು? ದಾವಣಗೆರೆ, ಚಿತ್ರದುರ್ಗದಿಂದ ಹೋಗುವವರಿಗೆ ಮಾರ್ಗದರ್ಶಿ

ರಾಜಸ್ಥಾನದ ಬಗ್ಗೆ ಏನೇ ಬರೆದರೂ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ಮನೆಯವರು ಕೋಟೆ, ಅರಮನೆ ನೋಡ್ತಾರೆ ಸಾರ್. ನನಗೆ ರೈಲು ನೋಡ್ಬೇಕು. ಎಲ್ಲಿ ನಿಲ್ಲಲಿ?" ದಾವಣಗೆರೆಯ ಅಶೋಕ ಟಾಕೀಸ್ ರೈಲ್ವೆ ಗೇಟಿನಲ್ಲಿ ಕಾದು ಕಾದು ಬೇಸತ್ತ ಊರಿನವರೇ ಇದನ್ನು ಕೇಳುತ್ತಾರೆ ಅಂದರೆ, ಈ ಹುಚ್ಚು ನನ್ನೊಬ್ಬನಿಗೇ ಅಲ್ಲ ಅಂತ ಸಮಾಧಾನ.

ಪ್ರಶ್ನೆ ಜಾಗದ್ದು. ಆದರೆ ಮರುಭೂಮಿಯ ಊರಲ್ಲಿ ಮೊದಲು ಗೊತ್ತು ಮಾಡಿಕೊಳ್ಳಬೇಕಾದ್ದು ಹೊತ್ತು. ಹೊತ್ತು ಸರಿ ಇದ್ದರೆ ಸಾಧಾರಣ ಪ್ಲಾಟ್‌ಫಾರ್ಮ್ ತುದಿಯೂ ಸಾಕು. ಹೊತ್ತು ತಪ್ಪಿದರೆ ಎಂಥ ಜಾಗದಲ್ಲೂ ಕಣ್ಣಿಗೆ ಬಿಸಿಲು, ಎಂಜಿನ್ ಮುಖಕ್ಕೆ ನೆರಳು, ನಿಮ್ಮ ತಲೆಗೆ ಕಾವು.

ಇನ್ನೊಂದು ಮಾತು. ಮರುಭೂಮಿ ಅಂದ ತಕ್ಷಣ ಎಲ್ಲರೂ ಜೈಸಲ್ಮೇರ್ ಅನ್ನುತ್ತಾರೆ. ಮರಳಿಗೆ ಸರಿ, ರೈಲಿಗೆ ಅಲ್ಲ. ಅದು ಹಳಿ ಮುಗಿಯುವ ಊರು, ದಿನಕ್ಕೆ ಬಂದು ಹೋಗುವ ಗಾಡಿಗಳು ಕಡಿಮೆ. ಜೋಧಪುರವಾದರೆ ವಾಯವ್ಯ ರೈಲ್ವೆಯ ವಿಭಾಗೀಯ ಕೇಂದ್ರ. ನಾಲ್ಕಾರು ದಿಕ್ಕಿನಿಂದ ಗಾಡಿಗಳು ಬಂದು ಸೇರುತ್ತವೆ. ಅದಕ್ಕೇ ನೆಲೆ ಜೋಧಪುರದಲ್ಲಿ ಇಟ್ಟುಕೊಳ್ಳಿ, ಜೈಸಲ್ಮೇರ್‌ಗೆ ಒಮ್ಮೆ ಹೋಗಿ ಬನ್ನಿ.

ಹಂತ 1: ಹೊರಡುವ ಮೊದಲು ಊರಲ್ಲೇ ಕಣ್ಣು ಪಳಗಿಸಿ

ಎಂಜಿನ್ ಮೈಮೇಲೆ ಬರೆದದ್ದನ್ನು ಓದಲು ಕಲಿತರೆ ನೋಡುವ ಖುಷಿ ದುಪ್ಪಟ್ಟು. ದಾವಣಗೆರೆ ಸ್ಟೇಷನ್ ಇದಕ್ಕೆ ಸಾಕು. ಹರಿಹರದ ತುಂಗಭದ್ರಾ ಸೇತುವೆ ಕಡೆಗೂ ಹೋಗಬಹುದು. ಚಿತ್ರದುರ್ಗ ಜಿಲ್ಲೆಯವರಿಗೆ ಚಿಕ್ಕಜಾಜೂರು ಜಂಕ್ಷನ್ ಇದೆ. ಬಳ್ಳಾರಿ ಕಡೆಯಿಂದ ಚಿತ್ರದುರ್ಗದ ಮೇಲೆ ಬರುವ ಹಳಿ ಅಲ್ಲೇ ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಸೇರುತ್ತದೆ. ಗೂಡ್ಸ್ ಗಾಡಿ ನೋಡಲು ನಮ್ಮ ಸುತ್ತಮುತ್ತ ಅದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಎಂಜಿನ್ ಮೇಲೆ "ಡಬ್ಲ್ಯೂಎಪಿ-7", "ಡಬ್ಲ್ಯೂಡಿಜಿ-4" ಅಂತ ಇರುತ್ತದೆ. ಮೊದಲ ಅಕ್ಷರ ಹಳಿಯ ಅಗಲ: ಡಬ್ಲ್ಯೂ ಅಂದರೆ ಬ್ರಾಡ್ ಗೇಜ್ (1,676 ಮಿ.ಮೀ. ಅಗಲದ ದೊಡ್ಡ ಹಳಿ), ವೈ ಅಂದರೆ ಮೀಟರ್ ಗೇಜ್ (1,000 ಮಿ.ಮೀ.). ಎರಡನೆಯದು ಶಕ್ತಿ: ಎ ಅಂದರೆ ವಿದ್ಯುತ್, ಡಿ ಅಂದರೆ ಡೀಸೆಲ್. ಮೂರನೆಯದು ಕೆಲಸ: ಪಿ ಪ್ರಯಾಣಿಕರಿಗೆ, ಜಿ ಗೂಡ್ಸ್‌ಗೆ, ಎಂ ಎರಡಕ್ಕೂ. ಪಕ್ಕದಲ್ಲಿ ಶೆಡ್ ಹೆಸರೂ ಇರುತ್ತದೆ. ಶೆಡ್ ಅಂದರೆ ಎಂಜಿನ್ ಸೇರಿದ ಮನೆ, ರಿಪೇರಿ ಆಗುವ ಜಾಗ. ಯುಬಿಎಲ್ ಅಂದರೆ ಹುಬ್ಬಳ್ಳಿ, ಕೆಜೆಎಂ ಅಂದರೆ ಬೆಂಗಳೂರಿನ ಕೃಷ್ಣರಾಜಪುರ. ಬಿಜಿಕೆಟಿ ಅಂತ ಕಂಡರೆ ಅದು ಜೋಧಪುರದ ಭಗತ್ ಕಿ ಕೋಠಿ ಶೆಡ್‌ನ ಎಂಜಿನ್.

ಬೆಂಗಳೂರು–ಜೋಧಪುರ ಎಕ್ಸ್‌ಪ್ರೆಸ್ ಹುಬ್ಬಳ್ಳಿ ಮಾರ್ಗವಾಗಿ ನಮ್ಮ ದಾವಣಗೆರೆ ಮೇಲೇ ಹೋಗುತ್ತದೆ. ದಿನಾ ಇಲ್ಲ, ವಾರದಲ್ಲಿ ಕೆಲವೇ ದಿನ. ಬೆಂಗಳೂರಿಂದ ಜೋಧಪುರಕ್ಕೆ ಬೇರೆ ಮಾರ್ಗದ ಗಾಡಿಯೂ ಇರುವುದರಿಂದ ಬುಕ್ ಮಾಡುವಾಗ ದಾವಣಗೆರೆ ಹೆಸರು ಇದೆಯೇ ನೋಡಿಕೊಳ್ಳಿ.

ಹಂತ 2: ತಿಂಗಳು ಮತ್ತು ಹೊತ್ತು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್‌ನಿಂದ ಜೂನ್‌ವರೆಗೆ ಬೇಡವೇ ಬೇಡ. ಶಾಲೆಗೆ ರಜೆ ಅಂತ ಮೇ ತಿಂಗಳಲ್ಲಿ ಹೊರಡುವವರು ಒಂದು ವಿಷಯ ತಿಳಿದಿರಲಿ: ಜೋಧಪುರ–ಜೈಸಲ್ಮೇರ್ ಹಳಿಯ ಮೇಲಿರುವ ಫಲೋದಿ ಊರಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ದಾವಣಗೆರೆಯ ಏಪ್ರಿಲ್ ಕಂಡವರು ನಾವು, ನಮಗೇನು ಅನ್ನಬೇಡಿ. ಅಲ್ಲಿ ಬೀಸುವ "ಲೂ" ಎಂಬ ಬಿಸಿಗಾಳಿಯ ದಾರಿಯೇ ಬೇರೆ. ಜೊತೆಗೆ ಧೂಳಿನ ಬಿರುಗಾಳಿ ಎದ್ದರೆ ಎದುರಿನ ಸಿಗ್ನಲ್ಲೂ ಕಾಣಲ್ಲ.

ಈಗ ಬೆಳಕಿನ ಲೆಕ್ಕ. ಜೋಧಪುರ ನಮಗಿಂತ ಪಶ್ಚಿಮಕ್ಕಿದೆ, ಉತ್ತರಕ್ಕೂ ಇದೆ. ಡಿಸೆಂಬರ್‌ನಲ್ಲಿ ದಾವಣಗೆರೆಯಲ್ಲಿ ಸುಮಾರು 6.45ಕ್ಕೆ ಸೂರ್ಯ ಹುಟ್ಟಿದರೆ ಅಲ್ಲಿ 7.15 ದಾಟುತ್ತದೆ. ಸಂಜೆ ಮಾತ್ರ ನಮಗಿಂತ ಸ್ವಲ್ಪ ಮೊದಲೇ, 5.50ರ ಒಳಗೆ ಮುಳುಗುತ್ತದೆ. ಊರಿನ ಅಭ್ಯಾಸದಲ್ಲಿ ಆರೂವರೆಗೆ ಹೋಗಿ ನಿಂತರೆ ಕತ್ತಲಲ್ಲಿ ಚಳಿ ಕಾಯಬೇಕಾಗುತ್ತದೆ.

ಚಳಿಗಾಲದ ಅನುಕೂಲ ಬೇರೆಯೇ ಇದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಅಲ್ಲಿನ ಸೂರ್ಯ ದಿಗಂತದಿಂದ ಬರೀ 40 ಡಿಗ್ರಿ ಎತ್ತರದಲ್ಲಿರುತ್ತಾನೆ. ದಾವಣಗೆರೆಯಲ್ಲಿ ಅದು 52. ಅಂದರೆ ಬಿಸಿಲು ಇಡೀ ದಿನ ಓರೆಯಾಗಿ, ದಕ್ಷಿಣದಿಂದ ಬೀಳುತ್ತದೆ. ಎಂಜಿನ್ನಿನ ಪಕ್ಕೆ, ಚಕ್ರ, ಬೋಗಿಯ ಕೆಳಭಾಗ ಎಲ್ಲ ಬೆಳಗುತ್ತವೆ. ಜೂನ್‌ನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಛಾವಣಿ ಬಿಟ್ಟು ಉಳಿದದ್ದೆಲ್ಲ ಕಪ್ಪು.

ಇದರಿಂದ ಸಿಗುವ ಸೂತ್ರ ಸುಲಭ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಹಳಿ ಪೂರ್ವ–ಪಶ್ಚಿಮವಾಗಿದ್ದರೆ ಚಳಿಗಾಲದಲ್ಲಿ ದಿನವಿಡೀ ಹಳಿಯ ದಕ್ಷಿಣ ಬದಿ. ಉತ್ತರ–ದಕ್ಷಿಣವಾಗಿದ್ದರೆ ಬೆಳಗ್ಗೆ ಪೂರ್ವ ಬದಿ, ಸಂಜೆ ಪಶ್ಚಿಮ ಬದಿ. ಮೊಬೈಲ್ ನಕ್ಷೆ ತೆಗೆದು ಹಳಿ ಯಾವ ಕಡೆ ಓಡುತ್ತದೆ ಅಂತ ಲಾಡ್ಜ್‌ನಲ್ಲೇ ಕೂತು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಹಂತ 3: ಊರಿನ ಹಳಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಿ

ಜೋಧಪುರ ಜಂಕ್ಷನ್ ನಡುವೆ. ದಕ್ಷಿಣಕ್ಕೆ ಭಗತ್ ಕಿ ಕೋಠಿ, ಬಾಸನಿ, ಮುಂದೆ ಲೂಣಿ ಜಂಕ್ಷನ್. ಲೂಣಿಯಲ್ಲಿ ಹಳಿ ಒಡೆಯುತ್ತದೆ: ಒಂದು ಪಾಲಿ ಮೇಲೆ ಮಾರ್ವಾರ್ ಜಂಕ್ಷನ್‌ಗೆ, ಇನ್ನೊಂದು ಸಮದಡಿ ಮೇಲೆ ಬಾಡ್‌ಮೇರ್ ಕಡೆಗೆ. ದಾವಣಗೆರೆಯಿಂದ ನೀವು ಬರುವ ಗಾಡಿಯೂ ಲೂಣಿ ದಾಟಿಯೇ ಊರು ಸೇರುತ್ತದೆ. ಇನ್ನೊಂದು ತುದಿಯಲ್ಲಿ ರಾಯ್ ಕಾ ಬಾಗ್ ಜಂಕ್ಷನ್. ಅಲ್ಲಿಂದ ಒಂದು ಹಳಿ ಮೇಡ್ತಾ ರೋಡ್ ಮೇಲೆ ಜೈಪುರ, ಬಿಕಾನೇರ್ ಕಡೆಗೆ. ಇನ್ನೊಂದು ಮಹಾಮಂದಿರ, ಮಂಡೋರ್, ಓಸಿಯಾ ದಾಟಿ ಜೈಸಲ್ಮೇರ್‌ಗೆ.

ಗಾಡಿಯ ಸಮಯಕ್ಕೆ ರೈಲ್ವೆಯದೇ ಎನ್‌ಟಿಇಎಸ್ ಆ್ಯಪ್ ಸಾಕು. ಅದರಲ್ಲಿ ಲೈವ್ ಸ್ಟೇಷನ್ ಅನ್ನೋ ಕಡೆ ಸ್ಟೇಷನ್ ಕೋಡ್ ಹಾಕಿದರೆ ಮುಂದಿನ ಕೆಲವು ಗಂಟೆಯಲ್ಲಿ ಬರುವ ಗಾಡಿಗಳ ಪಟ್ಟಿ ಸಿಗುತ್ತದೆ. ಜೋಧಪುರಕ್ಕೆ ಜೆಯು, ಭಗತ್ ಕಿ ಕೋಠಿಗೆ ಬಿಜಿಕೆಟಿ, ರಾಯ್ ಕಾ ಬಾಗ್‌ಗೆ ಆರ್‌ಕೆಬಿ, ಮಾರ್ವಾರ್ ಜಂಕ್ಷನ್‌ಗೆ ಎಂಜೆ. ಗೂಡ್ಸ್ ಗಾಡಿ ಯಾವ ಆ್ಯಪ್‌ನಲ್ಲೂ ತೋರಿಸಲ್ಲ. ಅದು ಬಂದಾಗ ಬಂತು.

ಇಲ್ಲೇ ಜನ ಜಾಸ್ತಿ ಎಡವೋದು: ಜೋಧಪುರದ್ದು ಅಂದುಕೊಂಡ ಎಷ್ಟೋ ದೂರದ ಗಾಡಿಗಳು ಹೊರಡುವುದು ಭಗತ್ ಕಿ ಕೋಠಿಯಿಂದ. ಟಿಕೆಟ್‌ನಲ್ಲಿ ಯಾವ ಸ್ಟೇಷನ್ ಇದೆ ಅಂತ ಎರಡು ಸಲ ಓದಿ. ನೋಡಲು ಹೋಗುವವರಿಗೂ ಇದು ಅನ್ವಯ.

ಹಂತ 4: ನಿಲ್ಲುವ ಜಾಗಗಳು

ಜೋಧಪುರ ಜಂಕ್ಷನ್‌ನ ಪ್ಲಾಟ್‌ಫಾರ್ಮ್ ತುದಿ ಮೊದಲ ದಿನಕ್ಕೆ. ಛಾವಣಿ ಮುಗಿದ ಮೇಲೂ ಪ್ಲಾಟ್‌ಫಾರ್ಮ್ ಸ್ವಲ್ಪ ದೂರ ಬಯಲಲ್ಲಿ ಹೋಗುತ್ತದಲ್ಲ, ಅಲ್ಲಿ. ಎಂಜಿನ್ ಬಿಚ್ಚುವುದು, ಇನ್ನೊಂದು ಎಂಜಿನ್ ಜೋಡಿಸುವುದು, ಖಾಲಿ ರೇಕ್ (ಎಂಜಿನ್ ಇಲ್ಲದ ಬೋಗಿಗಳ ಸಾಲು) ಯಾರ್ಡ್‌ಗೆ ತಳ್ಳುವುದು, ಎಲ್ಲ ಅಲ್ಲೇ ನಡೆಯೋದು. ಪ್ಲಾಟ್‌ಫಾರ್ಮ್ ಇಳಿಜಾರಾಗಿ ಮುಗಿಯುವ ಕಡೆಗೆ ಹೋಗಬೇಡಿ. ಹಳದಿ ಗೆರೆಯ ಒಳಗೇ ಇರಿ. 2023ರ ಜುಲೈನಲ್ಲಿ ಶುರುವಾದ ಜೋಧಪುರ–ಸಾಬರಮತಿ ವಂದೇ ಭಾರತ್ ಕೂಡ ಇಲ್ಲಿಂದಲೇ. ಆದರೆ ನನಗೆ ಕೇಳಿದರೆ, ವಂದೇ ಭಾರತ್ ನೋಡೋಕೆ ಜೋಧಪುರದವರೆಗೆ ಹೋಗಬೇಕಿಲ್ಲ. ಅದು ದಾವಣಗೆರೆಯಲ್ಲೇ ಸಿಗುತ್ತದೆ.

ಭಗತ್ ಕಿ ಕೋಠಿ ನಿಜವಾದ ಹಬ್ಬ. ಜಂಕ್ಷನ್‌ನಿಂದ ಆಟೋದಲ್ಲಿ ಸ್ವಲ್ಪವೇ ದೂರ. ಇಲ್ಲಿ ದೊಡ್ಡ ಡೀಸೆಲ್ ಶೆಡ್ ಇದೆ. ಶೆಡ್ ಒಳಗೆ ಹೊರಗಿನವರನ್ನು ಬಿಡಲ್ಲ, ಕೇಳಿ ಮುಜುಗರ ಪಡಬೇಡಿ. ಆದರೆ ಸ್ಟೇಷನ್ನಿನ ಫುಟ್‌ಬ್ರಿಡ್ಜ್ ಮತ್ತು ಪ್ಲಾಟ್‌ಫಾರ್ಮ್‌ನಿಂದಲೇ ಲೈಟ್ ಎಂಜಿನ್‌ಗಳ ಓಡಾಟ ಕಾಣುತ್ತದೆ. ಲೈಟ್ ಎಂಜಿನ್ ಅಂದರೆ ಬೋಗಿ ಇಲ್ಲದೆ ಒಂಟಿಯಾಗಿ ಬರುವ ಎಂಜಿನ್. ರಾಜಸ್ಥಾನದ ಹಳಿಗಳ ಮೇಲೂ ಈಗ ವಿದ್ಯುತ್ ತಂತಿ ಬಂದಿರುವುದರಿಂದ ಡೀಸೆಲ್ ಎಂಜಿನ್‌ಗೆ ಕೆಲಸ ಕಡಿಮೆಯಾಗುತ್ತಿದೆ. ಅದರ ಗುಡುಗು ಕೇಳಬೇಕು ಅನ್ನುವವರು ಮುಂದಿನ ವರ್ಷ ನೋಡೋಣ ಅನ್ನಬೇಡಿ. ಇಲ್ಲಿಂದ ಲೂಣಿವರೆಗೆ ಹಳಿ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ಹಾಗಾಗಿ ಬೆಳಗ್ಗೆ ಪೂರ್ವದ ಪ್ಲಾಟ್‌ಫಾರ್ಮ್, ಸಂಜೆ ಪಶ್ಚಿಮದ್ದು. ಬಿಸಿಲೇರಿದಾಗ ಫುಟ್‌ಬ್ರಿಡ್ಜ್ ನೆರಳು.

ರಾಯ್ ಕಾ ಬಾಗ್ ಚಿಕ್ಕದು, ಗದ್ದಲ ಕಡಿಮೆ. ಊರಿನ ಬಸ್ ನಿಲ್ದಾಣ ಹತ್ತಿರದಲ್ಲೇ ಇರುವುದರಿಂದ ಹೋಗಿ ಬರುವುದು ಸುಲಭ. ಜೈಪುರದ ಗಾಡಿ, ಜೈಸಲ್ಮೇರ್ ಗಾಡಿ ಎರಡೂ ಇದರ ಮೇಲೇ ಹೋಗಬೇಕು. ಕುಟುಂಬದ ಜೊತೆ ಹೋದವರಿಗೆ ನಾನು ಹೇಳುವುದು ಇದನ್ನೇ. ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಮಿರ್ಚಿ ವಡಾ ಕೊಟ್ಟು ಗಾಡಿ ಎಣಿಸಲು ಹೇಳಿ. ನಮ್ಮ ಮಿರ್ಚಿ ಅಂದುಕೊಂಡು ಕಚ್ಚಬೇಡಿ, ಒಳಗೆ ಆಲೂಗಡ್ಡೆ ತುಂಬಿರುತ್ತಾರೆ. ಮಂಡಕ್ಕಿ ಕೇಳಿದರೆ ಪಾಪ, ಅವರಿಗೆ ಅರ್ಥ ಆಗಲ್ಲ.

ರಸ್ತೆ ಮೇಲ್ಸೇತುವೆಗಳೂ ಚೆನ್ನ, ಫುಟ್‌ಪಾತ್ ಇದ್ದರೆ ಮಾತ್ರ. ವಾಹನಗಳ ನಡುವೆ ಗಾಡಿ ನಿಲ್ಲಿಸಿಕೊಂಡು ಬಗ್ಗಿ ನೋಡುವುದು ಬೇಡ. ರೈಲ್ವೆ ಗೇಟ್‌ಗೆ ಅಲ್ಲಿ "ಫಾಟಕ್" ಅನ್ನುತ್ತಾರೆ, ಆಟೋದವರಿಗೆ ಹಾಗೇ ಹೇಳಿ. ಮೆಹರಾನ್‌ಗಢ ಕೋಟೆ ಮೇಲಿಂದ ರೈಲು ಕಾಣುತ್ತಾ ಅಂತಲೂ ಕೇಳುತ್ತಾರೆ. ಕೋಟೆಗೆ ಕೋಟೆ ನೋಡಲು ಹೋಗಿ.

ಹಂತ 5: ಟಿಕೆಟ್ ಮತ್ತು ಕಾಯ್ದೆ

ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆ ನಡೆಯುತ್ತದೆ. ಹಬ್ಬದ ನೂಕುನುಗ್ಗಲಿನ ದಿನಗಳಲ್ಲಿ ಟಿಕೆಟ್ ಕೊಡುವುದನ್ನೇ ನಿಲ್ಲಿಸುವುದೂ ಉಂಟು. ಟಿಕೆಟ್ ಇಲ್ಲದೆ ಒಳಗೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ. ನನ್ನ ಸಲಹೆ: ಜೋಧಪುರದಿಂದ ಲೂಣಿಗೆ ಸಾಮಾನ್ಯ ಟಿಕೆಟ್ ತೆಗೆದುಕೊಂಡು ಪ್ಯಾಸೆಂಜರ್ ಗಾಡಿ ಹತ್ತಿ. ಹೋಗುತ್ತಾ ಭಗತ್ ಕಿ ಕೋಠಿ, ಬಾಸನಿ ಎಲ್ಲ ಕಿಟಕಿಯಿಂದಲೇ ಅಳೆದು ನೋಡಬಹುದು. ಮಾರನೇ ದಿನ ಎಲ್ಲಿ ಇಳಿಯಬೇಕು ಅಂತ ಆಗಲೇ ತೀರ್ಮಾನವಾಗುತ್ತದೆ.

ಹಳಿ ದಾಟಬೇಡಿ, ಹಳಿ ಮೇಲೆ ನಡೆಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಚಿಕ್ಕದು ಅಂತ ಲೆಕ್ಕ ಹಾಕಬೇಡಿ. ಮರಳು ನೆಲದ ಬಯಲಲ್ಲಿ ಗಾಳಿ ಎದುರಿಗಿದ್ದರೆ ವಿದ್ಯುತ್ ಎಂಜಿನ್ ಬರುವ ಸದ್ದೇ ಕೇಳಿಸಲ್ಲ.

ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆಯುತ್ತದೆ. ಫುಟ್‌ಬ್ರಿಡ್ಜ್ ಮೇಲಿಂದ ಸೆಲ್ಫಿ ಕೋಲು, ಛತ್ರಿ, ಟ್ರೈಪಾಡ್ ಚಾಚಬೇಡಿ. ಬಿಸಿಲಿಗೆ ಟೋಪಿ ಹಾಕಿ, ಛತ್ರಿ ಬೇಡ.

ಫೋಟೋ ವಿಷಯ. ದೊಡ್ಡ ಕ್ಯಾಮೆರಾ, ಟ್ರೈಪಾಡ್ ಇದ್ದರೆ ಮೊದಲು ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಒಂದು ಮಾತು ಕೇಳಿ. ವ್ಯಾಪಾರದ ಚಿತ್ರೀಕರಣಕ್ಕೆ ಅನುಮತಿ ಬೇಕೇ ಬೇಕು. ರೈಲ್ವೆ ಪೊಲೀಸರು ಬೇಡ ಅಂದರೆ ವಾದಕ್ಕಿಳಿಯದೆ ಕ್ಯಾಮೆರಾ ಒಳಗಿಡಿ. ಇದು ಗಡಿಯ ಕಡೆಯ ಸೀಮೆ ಅನ್ನೋದನ್ನು ಮರೆಯಬೇಡಿ. ಸೇನೆಯ ಗಾಡಿಗಳು, ಟ್ಯಾಂಕ್ ಹೊತ್ತ ವ್ಯಾಗನ್‌ಗಳು ಕಣ್ಣೆದುರಿಗೇ ಹೋಗಬಹುದು. ನೋಡಿ, ತೆಗೆಯಬೇಡಿ. ಜೋಧಪುರದಲ್ಲಿ ವಾಯುಪಡೆ ನೆಲೆ ಇರುವುದರಿಂದ ಡ್ರೋನ್ ಊರಲ್ಲೇ ಬಿಟ್ಟು ಬನ್ನಿ.

ಹಂತ 6: ಮರಳಿನ ನಡುವೆ ಹಳಿ

ಮರಳು ದಿಬ್ಬ ಮತ್ತು ರೈಲು ಒಟ್ಟಿಗೆ ಬೇಕೆನ್ನುವವರಿಗೆ ಓಸಿಯಾ. ಜೋಧಪುರದಿಂದ ಸುಮಾರು 65 ಕಿ.ಮೀ., ಜೈಸಲ್ಮೇರ್ ಹಳಿಯ ಮೇಲೇ ಇದೆ. ಹಳೆಯ ದೇವಸ್ಥಾನಗಳಿಗೂ ಹೆಸರಾದ ಊರು, ಹಾಗಾಗಿ ಮನೆಯವರೂ ಬೇಜಾರಾಗಲ್ಲ. ಗಾಡಿಗಳು ಕಡಿಮೆ, ಆದ್ದರಿಂದ ಆ್ಯಪ್ ನೋಡಿ ಒಂದು ಗಾಡಿಯ ಹೊತ್ತಿಗೆ ಸರಿಯಾಗಿ ಹೋಗಿ. ಮಧ್ಯಾಹ್ನವಿಡೀ ಕಾಯುವ ಜಾಗವಲ್ಲ ಅದು. ಒಬ್ಬರಿಗೆ ಎರಡು ಲೀಟರ್ ನೀರಾದರೂ ಇರಲಿ.

ಜೈಸಲ್ಮೇರ್‌ಗೆ ಹೋಗುವುದಾದರೆ ಹಗಲಿನ ಗಾಡಿ ಹಿಡಿಯಿರಿ. ಎಲ್ಲರೂ ಲಾಡ್ಜ್ ದುಡ್ಡು ಉಳಿಯುತ್ತದೆ ಅಂತ ರಾತ್ರಿ ಗಾಡಿ ಹತ್ತುತ್ತಾರೆ. ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ಮರುಭೂಮಿ ದಾಟಿ ಆಗಿರುತ್ತದೆ. ಹೋಗುವಾಗ ಗಾಡಿ ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಆರಿಸಿ. ಬಿಸಿಲು ಎಡಗಡೆ ಬೀಳುತ್ತದೆ, ಬಲಗಡೆ ಮರಳು, ಖೇಜ್ರಿ ಮರ, ಒಂಟೆ ಎಲ್ಲ ಕಣ್ಣು ಕುಕ್ಕದೆ ಕಾಣುತ್ತವೆ. ಇಲ್ಲಿ ಕ್ರಾಸಿಂಗ್ ಆದಾಗ ಗಮನಿಸಿ. ಕ್ರಾಸಿಂಗ್ ಅಂದರೆ ಒಂಟಿ ಹಳಿಯಲ್ಲಿ ಎದುರು ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ಸ್ಟೇಷನ್ನಿನಲ್ಲಿ ಕಾಯುವುದು. ಹೊಸಬರು ಲೇಟಾಯ್ತು ಅಂತ ಗೊಣಗುತ್ತಾರೆ, ನೋಡಲು ಬಂದವರಿಗೆ ಅದೇ ಸುಗ್ಗಿ. ಆದರೆ ಇಳಿದು ದೂರ ಹೋಗಬೇಡಿ. ಎದುರು ಗಾಡಿ ಹೋದ ಕೂಡಲೇ ನಿಮ್ಮದು ಹೊರಡುತ್ತದೆ. ಭಾದ್ರಪದದಲ್ಲಿ ದಾರಿಯ ರಾಮದೇವರಾದಲ್ಲಿ ದೊಡ್ಡ ಜಾತ್ರೆ. ಆಗ ವಿಶೇಷ ಗಾಡಿಗಳೂ ಜಾಸ್ತಿ, ಕಾಲಿಡಲು ಜಾಗವಿಲ್ಲದಷ್ಟು ಜನವೂ ಜಾಸ್ತಿ.

ಗಡಿಯ ಮುನಾಬಾವ್ ಸ್ಟೇಷನ್ ನೋಡಬೇಕು ಅನ್ನುವ ಆಸೆ ಹಲವರಿಗೆ. 2006ರಿಂದ 2019ರವರೆಗೆ ಥಾರ್ ಎಕ್ಸ್‌ಪ್ರೆಸ್ ಪಾಕಿಸ್ತಾನಕ್ಕೆ ಹೋಗುತ್ತಿದ್ದ ದಾರಿ ಅದು. ಸುಮ್ನೆ ಹೋಗಿ ನೋಡಿ ಬರುವ ಜಾಗವಲ್ಲ, ಪಟ್ಟಿಯಿಂದ ತೆಗೆದುಬಿಡಿ.

ಹಂತ 7: ಒಂದು ದಿನ ಮಾರ್ವಾರ್ ಜಂಕ್ಷನ್‌ಗೆ

ಇದನ್ನು ಬಿಟ್ಟು ಬಂದರೆ ಹೋದದ್ದಕ್ಕೆ ಅರ್ಥವಿಲ್ಲ ಅನ್ನುವವನು ನಾನು. ಜೋಧಪುರದಿಂದ ಪಾಲಿ ಮೇಲೆ ಸುಮಾರು 100 ಕಿ.ಮೀ. ರೈಲಿನಲ್ಲೇ ಹೋಗಿ. ಅಲ್ಲಿ ನೋಡಬೇಕಾದ್ದು ಎರಡು.

ಮೊದಲನೆಯದು ಮೀಟರ್ ಗೇಜ್. 1990ರ ದಶಕದವರೆಗೆ ದಾವಣಗೆರೆಯಲ್ಲೂ ಇದೇ ಚಿಕ್ಕ ಹಳಿ ಇತ್ತು, ಐವತ್ತು ದಾಟಿದವರಿಗೆ ನೆನಪಿರುತ್ತದೆ. ದೇಶದಲ್ಲಿ ಈಗ ಕೈಬೆರಳೆಣಿಕೆಯಷ್ಟು ಕಡೆ ಮಾತ್ರ ಉಳಿದಿದೆ. ಮಾರ್ವಾರ್‌ನಿಂದ ಫುಲಾದ್, ಗೋರಮ್ ಘಾಟ್ ದಾಟಿ ಖಾಮ್ಲಿ ಘಾಟ್‌ಗೆ ಈ ಹಳಿ ಅರಾವಳಿ ಬೆಟ್ಟ ಹತ್ತುತ್ತದೆ. ಎಂಜಿನ್ ವೈಡಿಎಂ-4. ಅಕ್ಷರ ಬಿಡಿಸಿ ಓದುವುದು ಹಂತ 1ರಲ್ಲೇ ಕಲಿತಿದ್ದೀರಿ. ಸಾಮಾನ್ಯ ಗಾಡಿಯ ಜೊತೆಗೆ 2023ರ ಅಕ್ಟೋಬರ್‌ನಿಂದ ವ್ಯಾಲಿ ಕ್ವೀನ್ ಎಂಬ ಪ್ರವಾಸಿ ಗಾಡಿಯೂ ಇದೆ. ಅದು ದಿನಾ ಓಡಲ್ಲ, ಮೊದಲೇ ಬುಕ್ ಮಾಡಬೇಕು. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿರುತ್ತದೆ, ನವೆಂಬರ್ ಮೇಲೆ ಒಣಗಲು. ಕಿಟಕಿ ಹತ್ತಿರ ಬಾಳೆಹಣ್ಣು ಇಟ್ಟುಕೊಂಡರೆ ಮಂಗ ಕಿತ್ತುಕೊಂಡು ಹೋಗುತ್ತದೆ.

ಎರಡನೆಯದು ಸರಕು ಸಾಗಣೆಗೆಂದೇ ಕಟ್ಟಿದ ಪಶ್ಚಿಮ ಕಾರಿಡಾರ್. ಪ್ರಯಾಣಿಕರ ಗಾಡಿಗಳಿಗೆ ಅಡ್ಡಿಯಾಗದ ಹಾಗೆ ಗೂಡ್ಸ್‌ಗೆ ಪ್ರತ್ಯೇಕ ಜೋಡಿ ಹಳಿ. ಮಾರ್ವಾರ್ ಇರುವ ಅಜ್ಮೇರ್–ಪಾಲನ್‌ಪುರ ನಡುವೆ ಹೆಚ್ಚಿನ ಕಡೆ ಹಳೆಯ ಮುಖ್ಯ ಮಾರ್ಗದ ಜೊತೆಜೊತೆಗೇ ಸಾಗುತ್ತದೆ. ಇಲ್ಲಿ ಡಬಲ್ ಸ್ಟ್ಯಾಕ್ ಓಡುತ್ತದೆ, ಅಂದರೆ ಒಂದರ ಮೇಲೊಂದು ಕಂಟೇನರ್ ಪೇರಿಸಿದ ಗಾಡಿ. ಅದಕ್ಕಾಗಿಯೇ ಮೇಲಿನ ತಂತಿಯನ್ನು ಮಾಮೂಲಿಗಿಂತ ಎತ್ತರಕ್ಕೆ ಕಟ್ಟಿದ್ದಾರೆ. ಎಳೆಯಲು 12,000 ಅಶ್ವಶಕ್ತಿಯ ಡಬ್ಲ್ಯೂಎಜಿ-12ಬಿ ಜೋಡಿ ಎಂಜಿನ್. 2021ರ ಜನವರಿಯಲ್ಲಿ ಈ ಕಾರಿಡಾರ್ ಮೇಲೆ ಒಂದೂವರೆ ಕಿ.ಮೀ. ಉದ್ದದ ಡಬಲ್ ಸ್ಟ್ಯಾಕ್ ಗಾಡಿಯನ್ನೇ ಓಡಿಸಿ ತೋರಿಸಿದ್ದರು. ಇದನ್ನು ಸಾರ್ವಜನಿಕ ರಸ್ತೆಯಿಂದ, ಬೇಲಿಯಾಚೆ ನಿಂತೇ ನೋಡಿ. ಕಾರಿಡಾರ್ ಸ್ಟೇಷನ್‌ಗಳಿಗೆ ಪ್ಲಾಟ್‌ಫಾರ್ಮ್ ಟಿಕೆಟ್ ಅನ್ನೋದೇ ಇಲ್ಲ, ಅವು ನಮಗಲ್ಲ. ವಿದ್ಯುತ್ ಎಂಜಿನ್ ಆದ್ದರಿಂದ ಸದ್ದು ತಡವಾಗಿ ಕೇಳುತ್ತದೆ, ಸಿಗ್ನಲ್ ಮೇಲೆ ಕಣ್ಣಿಡಿ.

ವಾಪಸ್ ಬರೋಕೆ ಮತ್ತೆ ಜೋಧಪುರಕ್ಕೇ ಹೋಗಬೇಕೆಂದಿಲ್ಲ. ಅಜ್ಮೇರ್‌ನಿಂದ ಬೆಂಗಳೂರು, ಮೈಸೂರಿಗೆ ಹುಬ್ಬಳ್ಳಿ ಮೇಲೆ ಬರುವ ಗಾಡಿಗಳು ಮಾರ್ವಾರ್ ಜಂಕ್ಷನ್ ಹಾದು ದಾವಣಗೆರೆಗೆ ಬರುತ್ತವೆ. ಇವೂ ವಾರದಲ್ಲಿ ಕೆಲವೇ ದಿನ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಚಳಿಗಾಲದಲ್ಲಿ ಬೇಗ ತುಂಬುತ್ತದೆ. ಹಾಗಾಗಿ ಮೊದಲು ವಾಪಸ್ ಗಾಡಿಯ ವಾರ ನೋಡಿ ಮಾರ್ವಾರ್ ದಿನ ಗೊತ್ತು ಮಾಡಿ, ಉಳಿದ ಜಾಗಗಳನ್ನು ಅದರ ಹಿಂದಿನ ದಿನಗಳಿಗೆ ಹಾಕಿಕೊಳ್ಳಿ. ಸಾಮಾನೆಲ್ಲ ಹೊತ್ತುಕೊಂಡೇ ಮಾರ್ವಾರ್‌ಗೆ ಹೋಗುವುದರಿಂದ ಚೀಲ ಹಗುರವಾಗಿರಲಿ.